ಮರಳಿನ ಚೀಲಕ್ಕೆ ದಯಪಾಲಿಸಿದ ಅರ್ಹತಾಪತ್ರವನ್ನು ಕುರಿತ ಬಿನ್ನಹ

ಕೈಗೆ ಕಸುವನ್ನೂ ಕಣ್ಣಿಗೆ ಅಳತೆಯನ್ನೂ ಬುದ್ಧಿಗೆ ತಾಳ್ಮೆಯನ್ನೂ ಕರುಣಿಸುವ ಪರಮಾತ್ಮನಿಗೆ ಮೊದಲು ವಂದಿಸಿ, ನನ್ನ ನಿವೃತ್ತಿಗೆ ಇನ್ನು ಹದಿನೇಳೇ ದಿನಗಳು ಉಳಿದಿರುವ ಈ ಸೋಮವಾರದ ಪ್ರಾತಃಕಾಲ, ಸಾಣೆಕಲ್ಲು ಇನ್ನೂ ತಣ್ಣಗಿರುವಾಗಲೇ, ಸಮಸ್ತ ಓದುಗರ ಸಮಕ್ಷಮದಲ್ಲಿ ಬರೆದುಕೊಂಡದ್ದು.

ನಿವೃತ್ತರಾಗುವವರ ಕುಶಲತೆಯನ್ನು ಮುಂದಿನವರಿಗೆ ಹಸ್ತಾಂತರಿಸುವ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಾವೂ ತಮ್ಮ ಮೊಹರೂ ಮೊಹರಿನ ಶಾಯಿಯೂ ಕ್ಷೇಮವೆಂದು ಭಾವಿಸಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ಹನ್ನೊಂದು ಮಂದಿ ದುಡಿಯುವ ಒಂದು ಸಣ್ಣ ಕತ್ತರಿ ಕಾರ್ಖಾನೆಯಲ್ಲಿ ನಾನು ಮೂವತ್ತೆಂಟು ವರ್ಷಗಳಿಂದ ಅಲಗುಗಳಿಗೆ ಸಾಣೆ ಹಿಡಿಯುತ್ತಿರುವವನು. ದರ್ಜಿಗಳು ಬಳಸುವ ಕತ್ತರಿಯ ಅಲಗಿನಲ್ಲಿ ಕೂದಲೆಳೆಯಷ್ಟು ಅಲೆ ಉಳಿದರೂ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅಂಥ ಅಲೆ ಉಳಿಯದಂತೆ ಅಲಗನ್ನು ಕಲ್ಲಿಗೆ ಒಡ್ಡುವ ವಿದ್ಯೆಯನ್ನು ನನ್ನ ತಂಗಿಯ ಮಗಳು, ಅಂದರೆ ನನ್ನ ಸೋದರಸೊಸೆ, ಆರು ವರ್ಷ ನನ್ನ ಪಕ್ಕದಲ್ಲಿ ನಿಂತು, ನನ್ನ ಬೈಗುಳವನ್ನೆಲ್ಲ ಪ್ರಸಾದವೆಂಬಂತೆ ಸ್ವೀಕರಿಸಿ, ಕಲಿತಿದ್ದಾಳೆ. ವಿದ್ಯೆಯು ವಿದ್ಯಾವಂತನೊಡನೆ ಮನೆಗೆ ಹೋಗಬಾರದೆಂಬ ತಮ್ಮ ಇಲಾಖೆಯ ಸುತ್ತೋಲೆಯನ್ನು ಓದಿದಾಗ ನನಗಾದ ಆನಂದವನ್ನು ವರ್ಣಿಸಲು ನನ್ನ ಲೇಖನಿ ಅಸಮರ್ಥವಾಗಿದೆ.

ತಮ್ಮ ಪರಿವೀಕ್ಷಕರು ದಯಮಾಡಿಸಿ, ಮೂರು ದಿನ ಮುಕ್ಕಾಲು ಅಡಿ ದೂರದಲ್ಲಿ ಕುಳಿತು, ನನ್ನ ವಿದ್ಯೆಯನ್ನು ನೂರ ಹದಿನಾಲ್ಕು ಹೆಜ್ಜೆಗಳಾಗಿ ವಿಂಗಡಿಸಿದರು. ಅಲಗು ಹಿಡಿಯುವುದು ಹತ್ತೊಂಬತ್ತನೆಯ ಹೆಜ್ಜೆ. ಕನ್ನಡಕ ಮೇಲೇರಿಸುವುದು ಇಪ್ಪತ್ತನೆಯದು. ‘ದೇವರೇ’ ಎಂದು ನಿಟ್ಟುಸಿರು ಬಿಡುವುದು ನಲವತ್ತೆರಡನೆಯದು. ಪರೀಕ್ಷೆಯ ದಿನ ನನ್ನ ಸೊಸೆ ಅಷ್ಟನ್ನೂ ಅಕ್ಷರಶಃ ಪಾಲಿಸಿದಳು. ಪರಿವೀಕ್ಷಕರು ನಿಟ್ಟುಸಿರಿನ ಹಂತದಲ್ಲಿ ಅವಳನ್ನು ತಡೆದು, “ಮೇಡಂ, ಉಸಿರೇನೋ ಬಂತು, ಬೇಜಾರು ಸಾಲಲಿಲ್ಲ, ಇನ್ನೊಂದ್ಸಲ ಬಿಡಿ” ಎಂದು ಆದೇಶಿಸಿದ್ದನ್ನು ಅವರ ಕರ್ತವ್ಯನಿಷ್ಠೆಗೆ ನಿದರ್ಶನವಾಗಿ ಇಲ್ಲಿ ದಾಖಲಿಸುತ್ತೇನೆ. ಹೀಗೆ ಸರ್ವಾಂಗಸುಂದರವಾಗಿ ಸಾಣೆಗೊಂಡ ಕತ್ತರಿ ಬಟ್ಟೆಯನ್ನು ಅಗಿಯಿತು.

ನಾನು ತಲೆ ತಗ್ಗಿಸಿ ನಿಂತೆ. ಆದರೆ ಅವಳು ಯಂತ್ರವನ್ನು ಒಂದು ಸುತ್ತು ಹಾಕಿ ಬಂದು ಹೇಳಿದಳು: “ಮಾವ, ದಿನಾ ನೀವು ಮಿಷಿನ್ನಿಗೆ ಒರಗಿಕೊಂಡು ನನ್ನ ಬೈತಾ ಇರ್ತೀರಿ. ಇವತ್ತು ನಿಯಮ ಅಂತ ಹತ್ತಡಿ ದೂರ ನಿಲ್ಲಿಸಿದ್ರು, ಅಲ್ಲಿಂದ ಬೈದ್ರಿ. ಇದಕ್ಕೆ ನಿಮ್ಮ ಬೈಗುಳ ಬೇಡ, ನಿಮ್ಮ ಭಾರ ಬೇಕು.” ಸತ್ಯ ಹೀಗಿತ್ತು, ಮಾನ್ಯರೇ: ನಮ್ಮ ಸಾಣೆಯಂತ್ರವನ್ನು ನೆಲಕ್ಕೆ ಬಿಗಿಯಲು ನಾಲ್ಕು ಬೋಲ್ಟುಗಳಿರಬೇಕು, ನಾಲ್ಕನೆಯದರ ಜಾಗದಲ್ಲಿ ನೆಲದೊಳಗೆ ನೀರಿನ ಪೈಪು ಹಾದುಹೋಗಿರುವುದರಿಂದ ಇರುವುದು ಮೂರೇ, ಮಂಡಿನೋವಿನವನಾದ ನಾನು ಅದೇ ಮೂಲೆಗೆ ಸೊಂಟವಾನಿಸಿ ನಿಲ್ಲುತ್ತಿದ್ದುದರಿಂದ ಯಂತ್ರ ನಡುಗದೆ ಉಳಿದಿತ್ತು. ಇಷ್ಟು ವರ್ಷ ನನ್ನನ್ನು ನಾನು ಕುಶಲಕರ್ಮಿಯೆಂದು ತಿಳಿದಿದ್ದೆ. ಬಹುಪಾಲು ನಾನೊಂದು ಬೋಲ್ಟಾಗಿದ್ದೆನೆಂಬ ಅರಿವು ಆ ದಿನ ಉಂಟಾಯಿತು. ಅರವತ್ತು ವರ್ಷಗಳ ಪ್ರಾರ್ಥನೆಯಿಂದ ಇಳಿಯದಿದ್ದ ನನ್ನ ಅಹಂಕಾರವನ್ನು ಒಂದೇ ಮಧ್ಯಾಹ್ನದಲ್ಲಿ ಇಳಿಸಿದ ತಮ್ಮ ಇಲಾಖೆಗೆ ಸಾಷ್ಟಾಂಗ ವಂದನೆಗಳು.

ಸೊಸೆ ಅಷ್ಟಕ್ಕೇ ಸುಮ್ಮನಾಗದೆ, ಎಪ್ಪತ್ತೆರಡು ಕಿಲೋ ಮರಳನ್ನು ಒಂದು ಗೋಣಿಚೀಲಕ್ಕೆ ತುಂಬಿಸಿ, ಆ ಮೂಲೆಗೆ ಕಟ್ಟಿ, ಮತ್ತೆ ಸಾಣೆ ಹಿಡಿದಳು. ಈ ಬಾರಿ ಕತ್ತರಿ ಒದ್ದೆ ಮಸ್ಲಿನ್ ಬಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ, ಒಂದು ಎಳೆಯೂ ಏಳದಂತೆ, ಸೀಳಿತು. ಪರಿವೀಕ್ಷಕರು ಬಹಳ ಹೊತ್ತು ಯೋಚಿಸಿದರು. ಮೊದಲ ಪರೀಕ್ಷೆಯಲ್ಲಿ ಹೆಂಗಸೂ ಇದ್ದಳು, ಕಲ್ಲೂ ಇತ್ತು, ಕೆಲಸ ಕೆಟ್ಟಿತು. ಎರಡನೆಯದರಲ್ಲಿ ಹೊಸದಾಗಿ ಸೇರಿದ್ದು ಚೀಲ ಮಾತ್ರ, ಕೆಲಸ ಗೆದ್ದಿತು. ಆದಕಾರಣ ವಿದ್ಯೆ ಚೀಲಕ್ಕೆ ಹಸ್ತಾಂತರಗೊಂಡಿದೆಯೆಂದು ತೀರ್ಮಾನಿಸಿ ಸಹಿ ಹಾಕಿದರು. ಹತ್ತು ದಿನಗಳಲ್ಲಿ ಅರ್ಹತಾಪತ್ರ ಬಂತು. ಉತ್ತರಾಧಿಕಾರಿಯ ಹೆಸರು: ಮರಳಿನ ಚೀಲ. ತಂದೆಯ ಹೆಸರು: ಅನ್ವಯಿಸುವುದಿಲ್ಲ. ನನ್ನ ಸೊಸೆಯ ಉಲ್ಲೇಖ ‘ಇತರ ಸಲಕರಣೆಗಳು’ ಎಂಬ ಶೀರ್ಷಿಕೆಯಡಿ, ಎಣ್ಣೆಡಬ್ಬಿಗೂ ಸ್ಟೂಲಿಗೂ ನಡುವೆ ಇದೆ. ಕಾರ್ಖಾನೆಯ ಯಜಮಾನರು ಅದನ್ನೋದಿ, “ಅಲ್ಲಾ, ಚೀಲಕ್ಕೆ ವಾರದ ರಜೆ ಯಾವತ್ತು ಕೊಡ್ಲಿ?” ಎಂದು ನನ್ನನ್ನೇ ಕೇಳಿದರು.

ಚೀಲದ ವಿಷಯದಲ್ಲಿ ನನಗೆ ಮತ್ಸರವಿಲ್ಲ. ಅದು ಹೊತ್ತಿಗೆ ಮುಂಚೆಯೇ ಬಂದಿರುತ್ತದೆ, ಹೊತ್ತು ಮೀರಿದರೂ ಹೊರಡುವುದಿಲ್ಲ, ಎದುರು ಮಾತಾಡುವುದಿಲ್ಲ, ಚಹಾ ಕೇಳುವುದಿಲ್ಲ. ಆದರೆ ತಮ್ಮ ಒಂಬತ್ತನೆಯ ನಿಯಮದಂತೆ, ನಾನು ನಿವೃತ್ತನಾದ ಮರುದಿನದಿಂದ ಅರ್ಹತಾಪತ್ರ ಹೊಂದಿದವರಲ್ಲದೆ ಬೇರೆ ಯಾರೂ ಆ ಯಂತ್ರವನ್ನು ಮುಟ್ಟುವಂತಿಲ್ಲ. ನನ್ನ ಸೊಸೆ ತಾನು ಮೊದಲಿದ್ದ ಪ್ಯಾಕಿಂಗ್ ಮೇಜಿಗೆ ಹಿಂದಿರುಗಿ, ಬೇರೊಬ್ಬರು ಸಾಣೆ ಹಿಡಿದ ಕತ್ತರಿಗಳನ್ನು ಎಣ್ಣೆಕಾಗದದಲ್ಲಿ ಸುತ್ತಬೇಕು. ಸಾಣೆ ಹಿಡಿಯುವ ಆ ಬೇರೊಬ್ಬರೆಂದರೆ ಚೀಲವೇ. ಆದ್ದರಿಂದ ಹದಿನೇಳು ದಿನಗಳೊಳಗೆ ಚೀಲಕ್ಕೆ ಎರಡು ಕೈಗಳನ್ನೂ, ಸಾಧ್ಯವಾದರೆ ಒಂದು ಕಿವಿಯನ್ನೂ ಮಂಜೂರು ಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಕಿವಿಯನ್ನು ಕೇಳುವುದಕ್ಕೆ ಕಾರಣವಿದೆ. ಎರಡು ಅಲಗುಗಳನ್ನು ಜೋಡಿಸಿ ಒಮ್ಮೆ ತೆರೆದು ಮುಚ್ಚಿದಾಗ ಬರುವ ಸದ್ದಿನಿಂದಲೇ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ತಿಳಿಯಬೇಕು. ನನ್ನ ಕಿವಿ ಮಂದವಾಗಿ ಬಹಳ ಕಾಲವಾಯಿತು. ಈ ಆರು ವರ್ಷ ನಾನು ಸಾಣೆ ಹಿಡಿದದ್ದು ಅವಳ ಕಿವಿಯನ್ನು ನಂಬಿ. ಇದನ್ನು ಯಜಮಾನರಿಗೂ ಹೇಳಿರಲಿಲ್ಲ. ಕೇಳಿಸಿಕೊಳ್ಳುವುದು ನೋಡುವವರಿಗೆ ಕಾಣುವುದಿಲ್ಲವಾದ್ದರಿಂದ ನೂರ ಹದಿನಾಲ್ಕು ಹೆಜ್ಜೆಗಳಲ್ಲಿ ಅದು ಸೇರಲಿಲ್ಲ.

ತಿದ್ದುಪಡಿ ಕೋರಿ ನಾನು ಖುದ್ದಾಗಿ ತಮ್ಮ ಕಚೇರಿಗೆ ಬಂದೆ. ಎರಡನೆಯ ಮಹಡಿಯ ಗುಮಾಸ್ತರು ತಲೆಯೆತ್ತದೆ, “ತಾತ, ಒಬ್ಬ ನಿವೃತ್ತರಿಗೆ ಒಂದೇ ಸರ್ಟಿಫಿಕೇಟು. ಆಯಮ್ಮನಿಗೂ ಬೇಕು ಅಂದ್ರೆ ಮೊದಲು ಆ ಚೀಲ ರಿಟೈರ್ ಆಗ್ಲಿ” ಎಂದರು. ಪಕ್ಕದ ಮೇಜಿನವರು ನಕ್ಕರು. ನಾನು ನಗಲಿಲ್ಲ, ಅಧಿಕೃತ ಪೀಠದಿಂದ ಬಂದ ಮಾತನ್ನು ಹಾಸ್ಯವೆಂದು ಭಾವಿಸುವ ಅವಿಧೇಯತೆ ನನ್ನಲ್ಲಿಲ್ಲ.

ಆದುದರಿಂದ ಮರಳಿನ ಚೀಲದ ಸ್ವಯಂ ನಿವೃತ್ತಿಯ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಹೊಲಿಗೆ ಸಡಿಲಗೊಂಡು ದೇಹದ ಸತ್ವ ನೆಲಕ್ಕೆ ಸೋರುತ್ತಿರುವುದೇ ಕಾರಣ. ಸಹಿಯ ಜಾಗದಲ್ಲಿ ಚೀಲದ ಎಡ ಮೂಲೆಯನ್ನು ಶಾಯಿಯಲ್ಲಿ ಅದ್ದಿ ಒತ್ತಲಾಗಿದೆ. ಯಜಮಾನರೂ ನಾನೂ ಸಾಕ್ಷಿ. ಉತ್ತರಾಧಿಕಾರಿಯಾಗಿ ಅದು ನನ್ನ ಸೊಸೆಯನ್ನು ಸೂಚಿಸಿದೆ. ನಿಯಮದಂತೆ ಪರಿವೀಕ್ಷಕರು ಮೂರು ದಿನ ಬಂದು ಚೀಲದ ಎದುರು ಕುಳಿತು ಅದರ ಹೆಜ್ಜೆಗಳನ್ನು ಬರೆದುಕೊಳ್ಳಲಿ. ಅದು ತನಗೆ ತಿಳಿದಿರುವುದನ್ನೆಲ್ಲ ಒಂದನ್ನೂ ಬಚ್ಚಿಡದೆ ತೋರಿಸುವುದೆಂದು ನಾನು ಜಾಮೀನು ನಿಲ್ಲುತ್ತೇನೆ. ಪರೀಕ್ಷೆಯ ದಿನ ಅದು ಹತ್ತಡಿ ದೂರ ನಿಲ್ಲಬೇಕಾದ್ದರಿಂದ, ಆ ಮೂಲೆಯಲ್ಲಿ ಒರಗಿ ನಿಲ್ಲಲು ಪರಿವೀಕ್ಷಕರನ್ನೇ ಬೇಡಿಕೊಂಡಿದ್ದೇವೆ. ಅವರ ಮೈಕಟ್ಟು ಸಾಕಷ್ಟಿದೆ. ನಿವೃತ್ತಿಯ ನಂತರ ಚೀಲ, ಮನೆಯಲ್ಲಿ ಕೂರಲಾಗದ ಎಲ್ಲ ಹಿರಿಯರಂತೆ, ದಿನಾ ಕಾರ್ಖಾನೆಗೆ ಬಂದು ಯಂತ್ರಕ್ಕೆ ಒರಗಿ ನಿಲ್ಲಬಹುದೆಂದು ಯಜಮಾನರು ಒಪ್ಪಿದ್ದಾರೆ.

ತಮಗೂ ಪರಿವೀಕ್ಷಕರಿಗೂ ನಕ್ಕವರಿಗೂ ದೀರ್ಘಾಯುಷ್ಯವಿರಲಿ. ಯಜಮಾನರ ಕತ್ತರಿಗಳು ಬಹುಕಾಲ ಹರಿತವಾಗಿರಲಿ. ನನ್ನ ಸೊಸೆಯ ಕಿವಿ ನೂರು ವರ್ಷ ಕೇಳಲಿ.

ಹದಿನೇಳು ದಿನಗಳವರೆಗೆ ಮಾತ್ರ ಅಧಿಕೃತವಾಗಿ, ಆಮೇಲೂ ಮನಃಪೂರ್ವಕವಾಗಿ
ತಮ್ಮ ವಿಶ್ವಾಸಿ,
ಕತ್ತರಿ ಕಾರ್ಖಾನೆಯ ಹಿರಿಯ ಸಾಣೆಗಾರ

ಮರೆತ ಮಾತು: ತಮ್ಮ ಕಚೇರಿಯ ಮೆಟ್ಟಿಲ ಬಳಿ, ಬೆಂಕಿ ಬಿದ್ದರೆ ಇರಲೆಂದು, ಕೆಂಪು ಬಣ್ಣದ ನಾಲ್ಕು ಮರಳಿನ ಬಕೆಟ್ಟುಗಳು ತೂಗುತ್ತಿರುವುದನ್ನು ಕಂಡೆ. ಅವುಗಳ ಸೇವಾವಧಿ ತಮ್ಮದಕ್ಕಿಂತ ಹೆಚ್ಚೆಂದು ಕಾವಲುಗಾರರು ಹೇಳಿದರು. ತಾವು ನಿವೃತ್ತರಾಗುವ ಕಾಲಕ್ಕೆ ಉತ್ತರಾಧಿಕಾರಿಗಾಗಿ ದೂರ ಹುಡುಕಬೇಕಾದ ಶ್ರಮ ತಮಗಿಲ್ಲ. ಆ ನಾಲ್ವರಿಗೂ ನನ್ನ ಹೃತ್ಪೂರ್ವಕ ಆಶೀರ್ವಾದಗಳು.