ಟ್ರಂಕಿನಿಂದ ಎದ್ದ ಮಹಾರಾಜ

ಎಲ್ಲಕ್ಕೂ ಕಾರಣ ಆ ತಗಡಿನ ಟ್ರಂಕು.

ಕನ್ನಡ ಸಂಘಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಹಾಗಾಗಿ ಅದರ ನಾಟಕದ ಉಡುಪೆಲ್ಲ ಒಂದು ಟ್ರಂಕಿನಲ್ಲಿತ್ತು, ಆ ಟ್ರಂಕು ಅಮೆರಿಕದ ರೆಸ್ಟನ್ನಿನಲ್ಲಿ ಬದರಿನಾಥನ ಅಪಾರ್ಟ್‌ಮೆಂಟಿನ ಕ್ಲಾಸೆಟ್ಟಿನಲ್ಲಿತ್ತು. "ನಿಮ್ಮನೆಗೆ ಮೆಟ್ಟಿಲಿಲ್ಲಪ್ಪ, ಇಳಿಸೋಕೆ ಸುಲಭ" ಎಂದು ಸಂಘದ ಅಧ್ಯಕ್ಷ ತ್ಯಾಗರಾಜರು ಅದನ್ನು ತಂದಿಟ್ಟು ಕೈತೊಳೆದುಕೊಂಡಿದ್ದರು. ಜಾಗ ಕಳೆದುಕೊಂಡ ಚಳಿಗಾಲದ ಕೋಟುಗಳನ್ನು ಸೋಫಾದ ಮೇಲೆ ಪೇರಿಸಿಕೊಂಡು ಬದರಿನಾಥನ ಹೆಂಡತಿ ಶೈಲಜಾ ಟ್ರಂಕನ್ನು ದಿನಾ ಬೈಯುತ್ತಿದ್ದಳು, ತ್ಯಾಗರಾಜರನ್ನು ವಾರಕ್ಕೊಮ್ಮೆ.

ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅದೇ ವಿಜಯನಗರದ ದರ್ಬಾರಿನ ನಾಟಕ. ಮಹಾರಾಜ ತ್ಯಾಗರಾಜರೇ. ಸಂಘ ಸೇರಿದಂದಿನಿಂದ ಬದರಿನಾಥ ದ್ವಾರಪಾಲಕ. ಮಹಾರಾಜರು ಕಾಣಿಸಿಕೊಂಡ ತಕ್ಷಣ ಒಮ್ಮೆ ಪರಾಕು ಕೂಗಿದರೆ ಅವನ ಪಾರ್ಟು ಮುಗಿಯಿತು. ಆಮೇಲೆ ಈಟಿ ಹಿಡಿದು ಕಂಬದ ಹಾಗೆ ನಿಲ್ಲಬೇಕು. ನಿಂತು ನಿಂತು ರಾಜನ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಬಚ್ಚಲಮನೆಯಲ್ಲಿ ಅವನೇ ಮಹಾರಾಜ. ಒಂದೇ ಒಂದು ಸಲ ಆ ಕಿರೀಟ ಹೊತ್ತು, ಜನರ ಮುಂದೆ ಆ ಮಾತುಗಳನ್ನು ಹೇಳಬೇಕು ಅನ್ನುವುದು ಅವನ ಆಸೆ. ಪಾಪ, ಗ್ರೀನ್ ಕಾರ್ಡನ್ನೂ ಅವನು ಅಷ್ಟು ಬಯಸಿರಲಿಲ್ಲ.

ತೊಂಬತ್ತಾರರ ಅಕ್ಟೋಬರ್, ಭಾನುವಾರ ಬೆಳಿಗ್ಗೆ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಆಫೀಸಿನ ಜೊತೆಗಾರ ಧೀರಜ್ ಬಂದ. ಬೇರೆಯವರ ಮನೆಯ ಕಾಫಿ ಕುಡಿಯುತ್ತಾ ಅವರ ದಿನ ಹೇಗೆ ಕಳೆಯಬೇಕೆಂದು ತೀರ್ಮಾನಿಸುವುದು ಅವನ ಅಭ್ಯಾಸ.

"ಗುರೂ, ಮೇರಿಲ್ಯಾಂಡ್‌ನಲ್ಲಿ ರೆನೆಸಾನ್ಸ್ ಫೇರ್ ನಡೀತಿದೆ, ಹೋಗೋಣ ನಡಿ."

"ಹಂಗಂದ್ರೆ?"

"ನಾನೂರು ವರ್ಷದ ಹಿಂದಿನ ಇಂಗ್ಲೆಂಡ್ ಥರ ಕಾಡಲ್ಲಿ ಒಂದು ಊರು ಕಟ್ಟಿರ್ತಾರೆ. ಕುದುರೆ, ಕತ್ತಿ, ರಾಣಿ, ಎಲ್ಲಾ. ಜನಾನೂ ವೇಷ ಹಾಕ್ಕೊಂಡ್ ಬರ್ತಾರೆ."

ಬದರಿನಾಥನ ಕಣ್ಣು ತಾನಾಗಿಯೇ ಕ್ಲಾಸೆಟ್ಟಿನ ಕಡೆ ಹೋಯಿತು. ಶೈಲಜಾ ಅದನ್ನು ನೋಡಿಬಿಟ್ಟಳು.

"ರೀ, ಬೇಡ. ಸಂಜೆ ಐದಕ್ಕೆ ಸ್ಟರ್ಲಿಂಗ್‌ನಲ್ಲಿ ರಿಹರ್ಸಲ್ ಇದೆ. ಆ ಡ್ರೆಸ್‌ಗೆ ಏನಾದ್ರೂ ಆದ್ರೆ ತ್ಯಾಗರಾಜ್ ಅಂಕಲ್ ನಿಮ್ಮನ್ನ ಬಾಗಿಲು ಕಾಯೋಕೂ ಇಟ್ಕೊಳಲ್ಲ."

"ಏನೂ ಆಗಲ್ಲ ಕಣೆ. ಅಷ್ಟೊತ್ತಿಗೆ ಮಡಚಿ ಟ್ರಂಕಲ್ಲಿ ಇಟ್ಟಿರ್ತೀನಿ."

ಗಂಡನ ಮೇಲೆ ಒಂದು ಕಣ್ಣಿರಲಿ ಎಂದು ಅವಳೂ ಪುಳಿಯೋಗರೆ ಕಟ್ಟಿಕೊಂಡು ಹೊರಟಳು.

ಕೆಂಪು ಮಖಮಲ್ಲಿನ ನಿಲುವಂಗಿ, ಜರಿಯ ಶಲ್ಯ, ಕಿರೀಟ, ಖಡ್ಗ, ಅಂಟಿಸಿದ ಮೀಸೆ. ಬೆಲ್ಟ್‌ವೇ ಹೆದ್ದಾರಿಯಲ್ಲಿ ಪಕ್ಕದ ಕಾರಿನವರೆಲ್ಲ ತಿರುತಿರುಗಿ ನೋಡಿದರು. ಫೇರಿನ ಬಾಗಿಲಲ್ಲಿ ಟಿಕೆಟ್ ಹರಿಯುವವಳು ಮೊಣಕಾಲು ಬಗ್ಗಿಸಿ, ಎಂದೂ ಕೇಳದ ಓಬೀರಾಯನ ಕಾಲದ ಇಂಗ್ಲಿಷಿನಲ್ಲಿ, "ದಯಮಾಡಿಸಬೇಕು ಮಹಾಪ್ರಭು" ಎಂಬರ್ಥ ಬರುವ ಹಾಗೆ ಏನೋ ಹೇಳಿದಳು. ಇಷ್ಟು ವರ್ಷ ಅಮೆರಿಕದಲ್ಲಿದ್ದರೂ ಅವನ ಹೆಸರನ್ನು ಒಬ್ಬರೂ ನೆಟ್ಟಗೆ ಕರೆದಿರಲಿಲ್ಲ. ಈಗ ಮಹಾಪ್ರಭು! ಬದರಿನಾಥ ಎರಡು ಅಂಗುಲ ಬೆಳೆದ.

ಕೆಟ್ಟಿದ್ದು ಧೀರಜನ ಕ್ಯಾಮರಾದಿಂದ.

"ಗುರೂ, ಆ ಕಬ್ಬಿಣದ ಅಂಗಿಯವನ ಜೊತೆ ಒಂದು!" ಎಂದ. ಕಬ್ಬಿಣದ ಅಂಗಿಯವನು ಖುಷಿಯಿಂದ ಕತ್ತಿ ಹಿರಿದು ಮಹಾರಾಜರ ಕತ್ತಿಗೆ ಮೆಲ್ಲಗೆ ತಾಗಿಸಿದ. ರಟ್ಟಿಗೆ ಬೆಳ್ಳಿ ಕಾಗದ ಸುತ್ತಿದ ವಿಜಯನಗರದ ಖಡ್ಗ ನೆನೆದ ಹಪ್ಪಳದಂತೆ ಅರ್ಧಕ್ಕೆ ಬಾಗಿ ಜೋತುಬಿತ್ತು.

"ಪರ್ವಾಗಿಲ್ಲ, ಟೇಪ್ ಹಾಕಿದ್ರೆ ಆಯ್ತು. ಆ ಕೆಸರಾಟದ ಹತ್ರ ಒಂದು!" ಅಲ್ಲಿ ಇಬ್ಬರು ವಿದೂಷಕರು ಕೆಸರಿನ ಹೊಂಡದಲ್ಲಿ ಹೊರಳಾಡಿ ಜನರನ್ನು ನಗಿಸುತ್ತಿದ್ದರು. ನೋಡುತ್ತಿರುವವನು ರಾಜ ಎಂದು ತಿಳಿದ ಕೂಡಲೇ ಅವರ ಉತ್ಸಾಹ ಇಮ್ಮಡಿಯಾಯಿತು. ನಿಲುವಂಗಿಯ ಮೊಣಕಾಲಿನ ಕೆಳಗೆಲ್ಲ ಕೆಸರು.

"ಸ್ಮೈಲ್!" ಎಂದು ಧೀರಜ್ ಮತ್ತೆ ಕೂಗುವಷ್ಟರಲ್ಲಿ ದಪ್ಪಗಿನವನೊಬ್ಬ ಫೋಟೋಕ್ಕೆಂದು ಓಡಿಬಂದು ಬದರಿನಾಥನ ಹೆಗಲು ತಬ್ಬಿಕೊಂಡ. ತಬ್ಬಿದ ಕೈಯಲ್ಲಿ ಗದೆಯಷ್ಟು ದೊಡ್ಡ ಟರ್ಕಿ ಕೋಳಿಯ ಕಾಲಿತ್ತು. ಮೊಟ್ಟೆಯಿದ್ದರೆ ಕೇಕನ್ನೂ ಮುಟ್ಟದ ಬದರಿನಾಥನ ಜರಿಯ ಶಲ್ಯದ ಮೇಲೆ ಕೋಳಿಯ ಜಿಡ್ಡು ಇಳಿಯಿತು.

"ಮುಗೀತು" ಎಂದಳು ಶೈಲಜಾ. "ಬಾಗಿಲು ಕಾಯೋ ಕೆಲಸಾನೂ ಹೋಯ್ತು."

"ಅಂಕಲ್‌ಗೆ ಹೇಗೆ ಗೊತ್ತಾಗುತ್ತೆ? ಮನೆಗೆ ಹೋಗಿ ಒರೆಸಿಬಿಟ್ರೆ..."

"ರೀ, ಅಲ್ಲಿ ನೋಡಿ."

ನಿಂಬೆ ಷರಬತ್ತಿನ ಅಂಗಡಿಯ ಮುಂದೆ ಸಾಕ್ಷಾತ್ ತ್ಯಾಗರಾಜರು! ಡರ್ಹಮ್‌ನಿಂದ ಬಂದ ಬೀಗರಿಗೆ ಜಾತ್ರೆ ತೋರಿಸುತ್ತಿದ್ದರು. ಬದರಿನಾಥ ನಿಲುವಂಗಿ ಎತ್ತಿ ಹಿಡಿದು ಓಡಿದ. ಎದುರಿಗೆ ತುತ್ತೂರಿ ಊದುತ್ತಾ ಮೆರವಣಿಗೆಯೊಂದು ಬರುತ್ತಿತ್ತು. ಮರೆಗೆ ಇದೇ ಸರಿಯೆಂದು ಅದರೊಳಗೆ ನುಗ್ಗಿದ. ಅದು ರಾಣಿಯ ಮೆರವಣಿಗೆ. ಯಾವನೋ ಪರದೇಶದ ದೊರೆ ಬಂದನೆಂದು ಭಟರು ಸಲಾಮು ಹೊಡೆದು, ಇಬ್ಬದಿಯಲ್ಲೂ ನಿಂತು, ಸೀದಾ ವೇದಿಕೆ ಹತ್ತಿಸಿದರು.

ವೇದಿಕೆಯ ಕೆಳಗೆ ಜನವೋ ಜನ. ಕತ್ತಿನ ಸುತ್ತ ಬಿಳಿ ನಿರಿಗೆ ಕಟ್ಟಿದ ರಾಣಿ ಎದ್ದು ನಿಂತು, "ಪೂರ್ವದೇಶದ ದೊರೆಯೇ, ನಿಮ್ಮ ನುಡಿಯಲ್ಲೇ ನಮ್ಮ ಪ್ರಜೆಗಳಿಗೆ ನಾಲ್ಕು ಮಾತು ಹೇಳಿ" ಎಂದಳು.

ಬದರಿನಾಥನ ಭಯವೆಲ್ಲ ಎಲ್ಲಿ ಹೋಯಿತೋ. ಕಿರೀಟವಿದೆ, ಜನರಿದ್ದಾರೆ, ಮಾತು ಬಾಯಿಪಾಠವಿದೆ. ಬಚ್ಚಲಮನೆಯ ಮಹಾರಾಜ ಎದೆಯುಬ್ಬಿಸಿ ಮುಂದೆ ಬಂದು, ಕೈಯೆತ್ತಿ, ಬಾಯಿ ತೆರೆದ. ಅದೇ ಗಳಿಗೆಯಲ್ಲಿ ಜನರನ್ನು ಸರಿಸಿಕೊಂಡು ತ್ಯಾಗರಾಜರು ಮುಂದಿನ ಸಾಲಿಗೆ ಬಂದರು.

ತ್ಯಾಗರಾಜರು ಕಾಣಿಸಿದರೆ ಏನು ಕೂಗಬೇಕೆಂದು ಆ ಗಂಟಲಿಗೆ ವರ್ಷಗಟ್ಟಲೆ ಅಭ್ಯಾಸ.

"ರಾಜಾಧಿರಾಜ! ರಾಜಮಾರ್ತಾಂಡ! ಮಹಾರಾಜರು ದಯಮಾಡಿಸುತ್ತಿದ್ದಾರೆ! ಪರಾಕ್! ಬಹುಪರಾಕ್!"

ಮರದ ಮೇಲಿನ ಹಕ್ಕಿಗಳು ಎದ್ದುಹೋದವು. ಕುದುರೆಯೊಂದು ಮುಂಗಾಲೆತ್ತಿತು. ಜನ ಹೊಡೆದ ಚಪ್ಪಾಳೆಗೆ ರಾಣಿಯೂ ಕೈ ಸೇರಿಸಿದಳು. ಬದರಿನಾಥನಿಗೆ ಮಾತ್ರ ಅಳು ಬಂತು. ಸಿಕ್ಕಿದ್ದು ಒಂದೇ ಅವಕಾಶ, ಅದರಲ್ಲೂ ಬಾಗಿಲು ಕಾದಿದ್ದ.

ವೇದಿಕೆ ಇಳಿದಾಗ ತ್ಯಾಗರಾಜರು ಕಾಯುತ್ತಿದ್ದರು. ಕೆಸರು ನೋಡಿದರು, ಜಿಡ್ಡು ನೋಡಿದರು, ಜೋತುಬಿದ್ದ ಖಡ್ಗ ನೋಡಿದರು.

"ಅಂಕಲ್, ತಪ್ಪಾಯ್ತು. ಡ್ರೈಕ್ಲೀನ್ ಮಾಡಿಸಿ ಕೊಡ್ತೀನಿ."

"ಮಾಡ್ಸಪ್ಪ. ಹೇಗೂ ಈ ಸಲ ಅದನ್ನ ನಾನು ಹಾಕ್ಕೊಳಲ್ಲ. ಮೊಣಕಾಲು ನೋವು, ಸಿಂಹಾಸನ ಹತ್ತೋಕಾಗಲ್ಲ. ರಾಜನ ಪಾರ್ಟು ನಿಂಗೇ ಅಂತ ಇವತ್ತು ಸಂಜೆ ಅನೌನ್ಸ್ ಮಾಡೋಣ ಅಂತಿದ್ದೆ."

ಬದರಿನಾಥನ ಅಂಟಿಸಿದ ಮೀಸೆ ನಗುವಿಗೆ ಅರ್ಧ ಕಿತ್ತುಬಂತು. "ಅಂಕಲ್! ನಿಜವಾಗ್ಲೂ?"

"ಅಂತಿದ್ದೆ ಕಣಪ್ಪ. ಆದ್ರೆ ಈಗ ಕೇಳಿದ್ನಲ್ಲ! ಇಷ್ಟು ವರ್ಷ ನಾನು ತೆರೆ ಹಿಂದಿಂದ ಬರೋ ಗಡಿಬಿಡೀಲಿ ನಿನ್ನ ಪರಾಕು ಸರಿಯಾಗಿ ಕೇಳೇ ಇರ್ಲಿಲ್ಲ. ನಮ್ಮ ಬೀಗರಿಗೆ ಮೈ ಜುಂ ಅಂತಂತೆ. ಇಂಥ ಗಂಟಲನ್ನ ಬಾಗಿಲಿಂದ ತೆಗೆದ್ರೆ ನಾಟಕ ಉಳಿಯುತ್ತಾ? ರಾಜ ಬಿಡು, ಯಾರಾದ್ರೂ ಆಗ್ಬಹುದು." ಅವರ ಕಣ್ಣು ಕ್ಯಾಮರಾ ಹಿಡಿದ ಧೀರಜನ ಮೇಲೆ ಬಿತ್ತು. "ಏನಪ್ಪ, ಇವರ ಬಿಲ್ಡಿಂಗಿನವನೇ ಅಲ್ವಾ ನೀನು? ಎತ್ತರ ಇದೀಯಲ್ಲ, ಸಂಜೆ ಫ್ರೀ ಇದೀಯಾ?"

"ಅಂಕಲ್, ನಂಗೆ ಆ ಥರ ಕನ್ನಡ ಎಲ್ಲ ಬರಲ್ಲ" ಎಂದ ಧೀರಜ್.

"ಅದಕ್ಕೇನು? ಬದರಿಗೆ ಎಲ್ಲಾ ಡೈಲಾಗೂ ಬರುತ್ತೆ. ಪಕ್ಕದಲ್ಲೇ ನಿಂತಿರ್ತಾನೆ, ಮೆಲ್ಲಗೆ ಹೇಳ್ಕೊಡ್ತಾನೆ."

"ಹಂಗಾದ್ರೆ ಟ್ರಂಕು ಇನ್ಮೇಲೆ ಧೀರಜ್ ಮನೇಲಿರ್ಲಿ ಅಂಕಲ್" ಎಂದಳು ಶೈಲಜಾ ಆಸೆಯಿಂದ.

"ಛೆ ಛೆ! ಅವನು ಥರ್ಡ್ ಫ್ಲೋರ್ ಅಲ್ವೇನಮ್ಮ?"

ಸಂಜೆ ಐದಕ್ಕೆ ಸ್ಟರ್ಲಿಂಗ್‌ನಲ್ಲಿ, ತ್ಯಾಗರಾಜರ ಮನೆಯ ಬೇಸ್‌ಮೆಂಟಿನಲ್ಲಿ, ಬದರಿನಾಥ ತನ್ನ ಕೈಯಾರೆ ಧೀರಜನ ತಲೆಗೆ ಕಿರೀಟವಿಟ್ಟ. ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಆಮೇಲೆ ಪೊರಕೆಯ ಕೋಲನ್ನು ಈಟಿಯಂತೆ ಹಿಡಿದು ಬಾಗಿಲಲ್ಲಿ ನಿಂತ. ಈ ಸಲ ಗಂಟಲು ಕಟ್ಟಿಹೋಗಲಿ ದೇವರೇ ಎಂದು ಬೇಡಿಕೊಂಡ.

ಮಹಾರಾಜರು ಚೂಯಿಂಗ್ ಗಮ್ ಅಗಿಯುತ್ತಾ ಒಳಗೆ ಬಂದರು. ಬದರಿನಾಥ ಬಾಯಿ ತೆರೆದ. ಹಾಳು ಗಂಟಲು ಜಾತ್ರೆಯಲ್ಲಿಗಿಂತಲೂ ಚೆನ್ನಾಗಿ ಮೊಳಗಿತು.