ಉಗ್ರಾಣದವನೇ ವೇಸ್ಟಂತೆ

ದೇವರು ಕೆಲವರ ಹಣೆಯಲ್ಲಿ ಸುಖ ಬರೆಯುತ್ತಾನೆ, ಕೆಲವರ ಹಣೆಯಲ್ಲಿ ಕಷ್ಟ ಬರೆಯುತ್ತಾನೆ. ನನ್ನ ಹಣೆಯಲ್ಲಿ ಸಲಹೆಗಾರರನ್ನು ಬರೆದಿದ್ದಾನೆ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನೀರಿನ ಪಂಪು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಸ್ಟೋರ್ ಕೀಪರ್. ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಇಷ್ಟು ವರ್ಷದಲ್ಲಿ ವಾಸ್ತು ಹೇಳುವವರು ಬಂದರು, ಕಂಪ್ಯೂಟರ್ ಕಲಿಸುವವರು ಬಂದರು, ಯೋಗ ಮಾಡಿಸುವವರೂ ಬಂದುಹೋದರು. ಅವರು ಹೋದ ಮೇಲೆ ಉಳಿದ ಕಸ ಗುಡಿಸುವುದಷ್ಟೇ ನನ್ನ ಪಾಲಿಗೆ ಬರುತ್ತಿತ್ತು. ಹೋದ ವರ್ಷ ಬಂದವರು ಮಾತ್ರ ನನ್ನನ್ನೇ ಕಸ ಅಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಅರ್ಧಾಕ್ಷರ

ನಮ್ಮ ಪಂಪುಗಳನ್ನೆಲ್ಲ ಕೊಳ್ಳುವುದು ಒಂದು ದೊಡ್ಡ ಕಂಪನಿ. ಅವರಿಂದ ಒಂದು ಕಾಗದ ಬಂತು. ಇನ್ನು ಮುಂದೆ 'ಲೀನ್' ಮತ್ತು 'ಗ್ರೀನ್' ಎರಡೂ ಆಗಿರುವ ಕಾರ್ಖಾನೆಯಿಂದ ಮಾತ್ರ ಮಾಲು ತೆಗೆದುಕೊಳ್ಳುತ್ತಾರಂತೆ, ಆರು ತಿಂಗಳ ಮೇಲೆ ಪರೀಕ್ಷೆಗೆ ಬಂದು ಸರ್ಟಿಫಿಕೇಟ್ ಕೊಡುತ್ತಾರಂತೆ. ಲೀನ್ ಅಂದರೆ ಬೇಡದ ಮಾಲು, ಬೇಡದ ಓಡಾಟ, ಬೇಡದ ಕಾಯುವಿಕೆ ಯಾವುದೂ ಇರಬಾರದು. ಗ್ರೀನ್ ಅಂದರೆ ಹೊಗೆ, ಪ್ಲಾಸ್ಟಿಕ್ಕು, ಕಸ ಎಲ್ಲ ಕಡಿಮೆಯಾಗಬೇಕು. ನಮ್ಮಜ್ಜಿ ಇವೆರಡನ್ನೂ ಸೇರಿಸಿ 'ಅಚ್ಚುಕಟ್ಟು' ಅನ್ನುತ್ತಿದ್ದಳು, ಅದಕ್ಕೆ ಯಾರ ಹತ್ತಿರವೂ ಸರ್ಟಿಫಿಕೇಟ್ ಕೇಳಿರಲಿಲ್ಲ.

ನಮ್ಮ ಯಜಮಾನರಿಗೆ ಉತ್ಸಾಹ ಉಕ್ಕಿತು. ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿಸಿದರು. ಮೇಲೆ ಅವರು ಕೈಮುಗಿದು ನಿಂತ ದೊಡ್ಡ ಫೋಟೋ, ಕೆಳಗೆ 'ಇಂದಿನಿಂದ ಲೀನ್' ಅನ್ನುವ ದಪ್ಪ ಅಕ್ಷರ. ಪ್ರಿಂಟ್ ಮಾಡಿದವನು 'ನ್' ಅನ್ನುವ ಕಡೆ 'ನ' ಹಾಕಿಬಿಟ್ಟಿದ್ದ. ಓದಿದವರಿಗೆ ಕಂಡದ್ದು 'ಇಂದಿನಿಂದ ಲೀನ'.

ಮಾರನೆಯ ಬೆಳಿಗ್ಗೆ ಚನ್ನರಾಯಪಟ್ಟಣದಿಂದ ಲೇತಿನವನು ಬಂದ. ನಮ್ಮ ಪಂಪಿಗೆ ಬೇಕಾದ ಹಿತ್ತಾಳೆ ಬುಷ್‌ಗಳನ್ನು, ಅಂದರೆ ಉಂಗುರದಂಥ ಬಳೆಗಳನ್ನು, ಲೇತ್ ಮಿಷಿನ್ನಿನಲ್ಲಿ ಕಡೆದು ಕೊಡುವವನು ಅವನೇ. ಕೈಯಲ್ಲಿ ಸೇವಂತಿಗೆ ಹಾರ, ಮುಖ ಬಾಡಿಹೋಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಯಜಮಾನ್ರು ಯಾವಾಗ ಓಗ್ಬುಟ್ರು ಸಾ? ವಾಟ್ಸಾಪಲ್ಲಿ ಬೋರ್ಡು ನೋಡಿ ಓಡ್ಬಂದೆ. ಮೊನ್ನೆ ಫೋನಲ್ಲಿ ಗಟ್ಟಿಯಾಗೇ ಬೈದಿದ್ರಲ್ಲ," ಅಂದ.

ನಾನು ಬಾಯಿ ತೆರೆಯುವುದರೊಳಗೆ ಯಜಮಾನರೇ ಹೊರಗೆ ಬಂದರು. ಲೇತಿನವನು ಒಂದು ಕ್ಷಣ ತಬ್ಬಿಬ್ಬಾದ. ಕೈಯಲ್ಲಿದ್ದ ಹಾರವನ್ನು ಎಲ್ಲಿಯೂ ಬಚ್ಚಿಡುವ ಹಾಗಿರಲಿಲ್ಲ. ನೇರ ಹೋಗಿ ಅವರ ಕೊರಳಿಗೇ ಹಾಕಿ, "ಲೀನ ಆಗಿದ್ಕೆ ಸಾ," ಅಂದ.

ಯಜಮಾನರು ನನ್ನ ಕಡೆ ತಿರುಗಿ, "ನೋಡ್ರೀ, ಎಲ್ಲರಿಗಿಂತ ಮೊದಲು ಇವನಿಗೆ ಅರ್ಥ ಆಗಿದೆ," ಅಂದರು.

ಎರಡೇ ದಿನದಲ್ಲಿ

ಲೀನ್ ಕಲಿಸಲು ಬಂದವರನ್ನು ನಾವು ಲೀನ್ ಸಾಹೇಬರು ಅಂತಲೇ ಕರೆಯುತ್ತಿದ್ದೆವು. ಬಂದ ಎರಡನೆಯ ದಿನ ನನ್ನ ಸ್ಟೋರಿಗೆ ಕಾಲಿಟ್ಟರು. ಕಪಾಟಿನ ತುಂಬ ಬುಷ್ಷು, ಬೋಲ್ಟು, ವಾಷರ್ರು, ಒಂದೊಂದಕ್ಕೂ ನಾನೇ ಬರೆದ ಚೀಟಿ. ಕಣ್ಣು ಕಟ್ಟಿ ಬಿಟ್ಟರೂ ಕೇಳಿದ್ದನ್ನು ತೆಗೆದುಕೊಡುತ್ತಿದ್ದೆ. ಅವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡರು.

"ಇದೆಲ್ಲ ವೇಸ್ಟ್ ಕಣ್ರೀ. ಸ್ಟಾಕ್ ಅನ್ನೋದೇ ಒಂದು ಕಾಯಿಲೆ. ಬೇಕಾದಾಗ, ಬೇಕಾದಷ್ಟು, ನೇರ ಮಿಷಿನ್ ಹತ್ತಿರ ಬರಬೇಕು. ಪರೀಕ್ಷೆ ದಿನ ಈ ರೂಮು ಖಾಲಿ ಇರಬೇಕು. ಆಮೇಲೆ ರೂಮೂ ಬೇಡ."

"ಹಾಗಾದರೆ ನಾನು?" ಅಂದೆ.

ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಯಜಮಾನರು ಫ್ಯಾನು ನೋಡುತ್ತ, "ಸರ್ಟಿಫಿಕೇಟ್ ಬರಲಿ, ನೋಡೋಣ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ವಯಸ್ಸಿನಲ್ಲಿ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ? ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಂಡೆ. "ನನ್ನನ್ನ ವೇಸ್ಟ್ ಅಂದುಬಿಟ್ಟ ಕಣೇ ಅವನು."

ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವರು ಬಂದು ಎಷ್ಟು ದಿನ ಆಯ್ತು?"

"ಎರಡು ದಿನ."

"ಪರವಾಗಿಲ್ಲ, ಜಾಣರು," ಅಂದಳು.

ಕೆಂಪು ಚೀಟಿ

ಕೆಲಸಕ್ಕೆ ಬಾರದ ವಸ್ತುಗಳಿಗೆಲ್ಲ ಕೆಂಪು ಚೀಟಿ ಅಂಟಿಸಿ ಒಂದು ಮೂಲೆಗೆ ಇಡಬೇಕು, ಗುಜರಿಯವನು ಬಂದು ಒಯ್ಯುತ್ತಾನೆ ಅಂತ ಲೀನ್ ಸಾಹೇಬರ ಅಪ್ಪಣೆಯಾಯಿತು. ಹಳೇ ಡ್ರಿಲ್ಲಿಂಗ್ ಮಿಷಿನ್ನು, ತೂಗದ ತಕ್ಕಡಿ, ಮೂರು ಕಾಲಿನ ಸ್ಟೂಲುಗಳು ಎಲ್ಲ ಒಂದು ಕಡೆ ಸೇರಿದವು. ಇಷ್ಟು ಓದಿದ ಮನುಷ್ಯ ಕ್ಯಾಲೆಂಡರ್ ನೋಡುವುದು ಬೇಡವೇ? ಮಾರನೆಯ ದಿನ ಆಯುಧಪೂಜೆ.

ಯಜಮಾನರು ಆರಿಸಿ ಪೂಜೆಗೆ ಇಡಿಸಿದ್ದಾರೆ ಅಂದುಕೊಂಡು ನಮ್ಮ ಹುಡುಗರು ಅವಕ್ಕೆಲ್ಲ ನೀರು ಚಿಮುಕಿಸಿ, ವಿಭೂತಿ ಬಳಿದು, ಚೆಂಡುಹೂವು ಮುಡಿಸಿ, ಬೂದುಗುಂಬಳಕಾಯಿ ಒಡೆದರು. ಗುಜರಿಯವನು ಗಾಡಿ ತಂದಾಗ ಫಿಟ್ಟರ್ ಅಡ್ಡ ನಿಂತ.

"ಪೂಜೆ ಮಾಡಿರೋದ್ನ ಗುಜರಿಗೆ ಆಕಿದ್ರೆ ಕೈಕಾಲು ಬಿದ್ದೋಯ್ತವೆ ಸಾ. ಬೇಕಾರೆ ಸಾಯೇಬ್ರೇ ಎತ್ತಿ ಕೊಡ್ಲಿ."

ಸಾಹೇಬರು ಮುಂದೆ ಬರಲಿಲ್ಲ. ಗುಜರಿಯವನೂ ಬರಿಗೈಯಲ್ಲಿ ಹೋಗಲಿಲ್ಲ, ಮಂಗಳಾರತಿ ತೆಗೆದುಕೊಂಡು ಎರಡು ಪೊಟ್ಟಣ ಪುರಿ ಕಟ್ಟಿಸಿಕೊಂಡು ಹೋದ.

ಡಬ್ಬಿಯಲ್ಲಿ ಬಂದದ್ದು

ಗ್ರೀನ್ ಕಲಿಸಲು ಒಬ್ಬ ಮೇಡಂ ಬಂದರು. ಅವರೂ ಲೀನ್ ಸಾಹೇಬರೂ ಒಂದೇ ಸಂಸ್ಥೆಯವರು, ಬರುತ್ತಿದ್ದುದು ಮಾತ್ರ ಬೇರೆ ಬೇರೆ ಕಾರಿನಲ್ಲಿ. ಹೊಗೆ ಕಡಿಮೆ ಮಾಡುವ ಪಾಠ ಹೇಳುವುದಕ್ಕೆ ಎರಡು ಕಾರು.

ಬುಷ್ ತರಿಸುವ ವಿಷಯಕ್ಕೆ ಇಬ್ಬರಿಗೂ ಹತ್ತಿಕೊಂಡಿತು. ಸ್ಟಾಕ್ ಇರಬಾರದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತರಿಸಿ ಅಂತ ಸಾಹೇಬರು. ಚನ್ನರಾಯಪಟ್ಟಣದಿಂದ ದಿನಕ್ಕೆ ನಾಲ್ಕು ಸಲ ಗಾಡಿ ಓಡಿಸಿದರೆ ಡೀಸೆಲ್ ಹೊಗೆಯ ಗತಿಯೇನು, ವಾರಕ್ಕೊಂದೇ ಸಲ ತರಿಸಿ ಅಂತ ಮೇಡಂ. ಸಾಹೇಬರ ಮಾತು ಕೇಳಿದರೆ ಮೇಡಂ ಬೈಯುತ್ತಿದ್ದರು, ಮೇಡಂ ಮಾತು ಕೇಳಿದರೆ ಸಾಹೇಬರು. ಅತ್ತ ದರಿ, ಇತ್ತ ಪುಲಿ. ಬೈಸಿಕೊಳ್ಳುವವನು ಮಾತ್ರ ಎರಡು ಕಡೆಯೂ ನಾನೇ.

ಕೊನೆಗೆ ದಾರಿ ಹೇಳಿದವನು ಲೇತಿನವನು. "ಅದ್ಕ್ಯಾಕ್ ತಲೆ ಕೆಡುಸ್ಕೊಂಡೀರಿ ಸಾ? ನಮ್ಮೂರಿಂದ ನಿಮ್ ಕಾರ್ಖಾನೆಗೆ ಎಲ್ಲಾ ಶಿಫ್ಟಿಗೂ ಜನ ಬತ್ತಾರೆ. ಬಸ್ಸೆಂಗೂ ಓಡ್ತದೆ. ಒಬ್ಬೊಬ್ರ ಕೈಲಿ ಒಂದೊಂದು ಡಬ್ಬಿ ಕೊಟ್ ಕಳುಸ್ತೀನಿ."

ಹೊಸ ಹೊಗೆಯಿಲ್ಲ, ಹೆಚ್ಚಿನ ಸ್ಟಾಕಿಲ್ಲ. ಇಬ್ಬರೂ ಕುಣಿದಾಡಿದರು. ಆಮೇಲೆ ನೋಡಿದರೆ ಇದು ತನ್ನದೇ ಯೋಚನೆ ಅಂತ ಇಬ್ಬರೂ ತಮ್ಮ ತಮ್ಮ ವರದಿಯಲ್ಲಿ ಬರೆದುಕೊಂಡಿದ್ದರು. ಲೇತಿನವನ ಹೆಸರು ಒಂದರಲ್ಲೂ ಇರಲಿಲ್ಲ.

ಆದರೆ ಅವನು ಕೊಡಿಸಿದ್ದೂ ಸ್ಟೀಲ್ ಡಬ್ಬಿ, ಜನ ಊಟ ತರುವುದೂ ಸ್ಟೀಲ್ ಡಬ್ಬಿಯಲ್ಲೇ. ಒಂದು ಮಧ್ಯಾಹ್ನ, ಬಂದ ಮಾಲಿನ ಅಳತೆ ನೋಡುವ ಇನ್‌ಸ್ಪೆಕ್ಷನ್ ಟೇಬಲ್ಲಿನ ಹುಡುಗ ಫೋನ್ ಮಾಡಿದ.

"ಸಾ, ಈ ಲಾಟಲ್ಲಿ ಮುದ್ದೆ ಬಂದೈತೆ."

"ಎಷ್ಟು?"

"ಎಲ್ಡು. ಜತೇಲಿ ಉಪ್ಸಾರು."

ಊಟದ ಹಾಲಿಗೆ ಓಡಿದೆ. ಅಲ್ಲಿ ಒಬ್ಬ ಹೆಲ್ಪರ್ ಡಬ್ಬಿ ತುಂಬ ಹಿತ್ತಾಳೆ ಬಳೆ ಇಟ್ಟುಕೊಂಡು, ಬೆಳಿಗ್ಗೆ ಹೆಂಡತಿಯ ಹತ್ತಿರ ಏನು ತಪ್ಪು ಮಾತಾಡಿದೆ ಅಂತ ಯೋಚಿಸುತ್ತ ಕೂತಿದ್ದ. ಇನ್‌ಸ್ಪೆಕ್ಷನ್ ಹುಡುಗ ನಿಯಮ ಮೀರುವವನಲ್ಲ. ಬಂದ ಲಾಟನ್ನು ಕಂಪ್ಯೂಟರಿಗೆ ಹಾಕಲೇಬೇಕು, ಕಾರಣ ಬರೆಯದೆ ತಿರಸ್ಕರಿಸುವ ಹಾಗಿಲ್ಲ. ಅವನು ಬರೆದಿದ್ದ: 'ಅಳತೆಗಿಂತ ದಪ್ಪ, ಒತ್ತಿದರೆ ಮೆತ್ತಗೆ.'

ಮರುಬಳಕೆ

ಮೇಡಂ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎಲ್ಲ ನಿಲ್ಲಿಸಿದರು. ಪಂಪಿನ ಸುತ್ತ ತುಂಬಲು ತೆಂಗಿನ ನಾರು, ನಾರು ಬರುವುದಕ್ಕೆ ನೀಲಿ ಪ್ಲಾಸ್ಟಿಕ್ ಕ್ರೇಟು. ಕ್ರೇಟು ಖಾಲಿ ಹೋಗಬೇಕು, ತುಂಬಿ ಬರಬೇಕು. ಒಂದೊಂದರ ಮೇಲೂ 'ಮರುಬಳಕೆ ಮಾಡಿ' ಅಂತ ಬರೆಸಿದ್ದರು.

ಹೊಳೆನರಸೀಪುರದಲ್ಲಿ ನಾರು ಮಾಡಿಸುವ ಒಬ್ಬ ಹೆಂಗಸಿದ್ದಾರೆ, ನಾವು ನಾರಿನಕ್ಕ ಅನ್ನುತ್ತೇವೆ. ಅಲ್ಲಿಗೆ ಹೋದ ಕ್ರೇಟಿನಲ್ಲಿ ಅರ್ಧ ವಾಪಸ್ ಬರಲಿಲ್ಲ. ಹುಡುಕಿಕೊಂಡು ಬನ್ನಿ ಅಂತ ನನ್ನನ್ನು ಅಟ್ಟಿದರು. ಸ್ಟೋರ್ ಕೀಪರನಿಗೆ ಇನ್ನೇನು ಕೆಲಸ, ಅವನು ವೇಸ್ಟ್ ತಾನೇ.

ನಾರಿನಕ್ಕ ಕೂರಿಸಿ ಕಾಫಿ ಕೊಟ್ಟರು. "ಕ್ರೇಟು ಎಲ್ಲಕ್ಕಾ?" ಅಂದೆ.

"ನೀವ್ ಕೂತಿರೋದೇ ಒಂದು."

ತಿರುಗಿ ನೋಡಿದೆ. ಒಂದರಲ್ಲಿ ಮೆಣಸಿನ ಸಸಿ, ಒಂದರಲ್ಲಿ ತೊಳೆದ ಪಾತ್ರೆ, ಇನ್ನೆರಡು ಬಚ್ಚಲಿನ ಮುಂದೆ ಮೆಟ್ಟಿಲಾಗಿದ್ದವು. ನನಗೆ ಸಿಟ್ಟು ಬಂತು. "ಇದು ಕಾರ್ಖಾನೆ ಮಾಲು ಕಣಕ್ಕಾ."

"ಅದ್ರ ಮ್ಯಾಲೆ ಏನ್ ಬರ್ದೈತೆ, ಓದಿ ಸಾ."

"ಮರುಬಳಕೆ ಮಾಡಿ."

"ಮತ್ತೆ? ಒಂದಾರ ಸುಮ್ಕೆ ಬಿದ್ದದಾ ನೋಡಿ."

ಸರಿ, ಖಾಲಿ ಇದ್ದದ್ದನ್ನಾದರೂ ಒಯ್ಯೋಣ ಅಂತ ಮೂಲೆಯ ಕ್ರೇಟಿಗೆ ಕೈ ಹಾಕಿದೆ. ಒಳಗಿನಿಂದ ಕೋಳಿ ಕುಕ್ಕಿತು. "ಅದ್ನ ಮುಟ್ಬೇಡಿ, ಕಾವಿಗೆ ಕೂತೈತೆ. ಇಪ್ಪತ್ತೊಂದು ದಿನ ಬಿಟ್ಟು ಬನ್ನಿ," ಅಂದರು ನಾರಿನಕ್ಕ.

ಕುಕ್ಕಿಸಿಕೊಂಡ ಬೆರಳಿನಲ್ಲೇ 'ವಿಳಂಬಕ್ಕೆ ಕಾರಣ: ಕೋಳಿ ಕಾವು' ಅಂತ ಬರೆದು ಕೊಟ್ಟೆ. ಮೇಡಂ ಅದನ್ನು ಓದಿ, ಜೀವವೈವಿಧ್ಯ ರಕ್ಷಣೆ ಅಂತ ಒಂದು ಅಂಕ ಹೆಚ್ಚಿಗೆ ಹಾಕಿಕೊಂಡರು.

ಪರೀಕ್ಷೆಯ ದಿನ

ದೊಡ್ಡ ಕಂಪನಿಯ ಪರೀಕ್ಷಕರು ಬಂದ ದಿನ ನನ್ನ ಸ್ಟೋರು ಖಾಲಿ. ಗೋಡೆಗೆ ಸುಣ್ಣ ಬಳಿದು, ಕಪಾಟು ಒರೆಸಿಟ್ಟಿದ್ದೆ. ಖಾಲಿ ಕೋಣೆಯ ಬೀಗದ ಕೈ ಸೊಂಟದಲ್ಲಿ ಇಟ್ಟುಕೊಂಡು ಓಡಾಡಲು ನಾಚಿಕೆಯಾಗುತ್ತಿತ್ತು.

ಅವತ್ತೇ ಚನ್ನರಾಯಪಟ್ಟಣದ ಕಡೆಯ ಬಸ್ಸುಗಳನ್ನೆಲ್ಲ ಯಾವುದೋ ಸಮಾವೇಶಕ್ಕೆ ಕಳಿಸಿಬಿಟ್ಟಿದ್ದರು. ಅಲ್ಲಿನವರೂ ಬರಲಿಲ್ಲ, ಡಬ್ಬಿಗಳೂ ಬರಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಬುಷ್ ಮುಗಿದು, ಪರೀಕ್ಷಕರ ಕಣ್ಣೆದುರಿಗೇ ಕೆಲಸ ನಿಲ್ಲುತ್ತಿತ್ತು. ನಿಂತರೆ ಆರ್ಡರೂ ಹೋಯಿತು, ಎಲ್ಲರ ಅನ್ನವೂ ಹೋಯಿತು.

ನಿಜ ಹೇಳುತ್ತೇನೆ, ನಾನು ಸ್ಟೋರು ಪೂರ್ತಿ ಖಾಲಿ ಮಾಡಿರಲಿಲ್ಲ. ಬೆಂಕಿ ಆರಿಸಲು ತೂಗುಹಾಕಿದ ಮರಳಿನ ಬಕೆಟ್ಟಿನ ತಳದಲ್ಲಿ ಒಂದು ಚೀಲ ಬುಷ್ ಹೂತಿಟ್ಟಿದ್ದೆ. ಯಾರಿಗೂ ಕಾಣದ ಹಾಗೆ ಹೋಗಿ ಕೆದಕುತ್ತಿದ್ದರೆ, ಪಕ್ಕದ ಬಕೆಟ್ಟಿನಲ್ಲಿ ಫೋರ್‌ಮನ್ ಕೆದಕುತ್ತಿದ್ದಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಫಿಟ್ಟರ್ ಟೂಲ್ ಬಾಕ್ಸಿನಿಂದ ಒಂದು ಪೊಟ್ಟಣ ತೆಗೆದ. ಕಸ ಗುಡಿಸುವ ಅಮ್ಮ ಮೇಡಂ ಇಡಿಸಿದ್ದ ಹೂಕುಂಡದಿಂದ ಒಂದು ಹಿಡಿ ತೆಗೆದಳು. ಯಜಮಾನರು ಸದ್ದಿಲ್ಲದೆ ತಮ್ಮ ಕಾರಿನ ಡಿಕ್ಕಿ ತೆಗೆಸಿದರು. ಲೀನ್ ಸಾಹೇಬರ ಬ್ಯಾಗಿನಿಂದಲೂ ಒಂದು ಚೀಲ ಹೊರಬಂತು. ನಾನು ದಿಟ್ಟಿಸಿ ನೋಡಿದ್ದಕ್ಕೆ "ಸ್ಯಾಂಪಲ್ಲು," ಅಂದರು.

ಕೆಲಸ ನಿಲ್ಲಲಿಲ್ಲ. ಪರೀಕ್ಷಕರು ಎಲ್ಲ ನೋಡಿ ಬರೆದರು: 'ಮಾಲು ಪ್ರತಿಯೊಬ್ಬರ ಕೈಗೆಟುಕುವಲ್ಲೇ ಸಿಗುತ್ತದೆ. ಉಗ್ರಾಣದ ಅಗತ್ಯವೇ ಇಲ್ಲ. ಅತ್ಯುತ್ತಮ.'

ಉಗ್ರಾಣ ಬೇಡ ಅಂತ ಸಾಬೀತು ಮಾಡುವುದಕ್ಕೆ ಉಗ್ರಾಣದವನೇ ಬಕೆಟ್ ಕೆದಕಿಕೊಟ್ಟಿದ್ದ.

ಹೊಸ ಬೋರ್ಡು

ಸರ್ಟಿಫಿಕೇಟ್ ಬಂತು. ನಾನು ಬೀಗದ ಕೈ ಯಜಮಾನರ ಮೇಜಿನ ಮೇಲಿಟ್ಟೆ. ಕಣ್ಣಲ್ಲಿ ನೀರು ಬರದ ಹಾಗೆ ಹಲ್ಲು ಕಚ್ಚಿ ನಿಂತಿದ್ದೆ. ಅವರು ನನ್ನನ್ನು ನೋಡಲಿಲ್ಲ, ಮೂಲೆ ನೋಡುತ್ತಿದ್ದರು. ಎಲ್ಲರೂ ಬಚ್ಚಿಟ್ಟು ತೆಗೆದದ್ದರಲ್ಲಿ ಉಳಿದದ್ದನ್ನು ಅಲ್ಲಿ ರಾಶಿ ಹಾಕಿದ್ದರು. ನನ್ನ ಸ್ಟೋರಿನಲ್ಲಿ ಯಾವ ಕಾಲದಲ್ಲೂ ಅಷ್ಟು ಬುಷ್ ಇರಲಿಲ್ಲ.

"ಇದನ್ನೆಲ್ಲ ಒಂದು ಕಡೆ ಇಟ್ಟು, ಲೆಕ್ಕ ನೋಡಿ ಕೊಡೋಕೆ ಒಬ್ಬ ಮನುಷ್ಯ ಬೇಕಲ್ರೀ," ಅಂದರು ಯಜಮಾನರು.

ಲೀನ್ ಸಾಹೇಬರು ಸ್ಟೋರ್ ಅನ್ನುವ ಮಾತೇ ಎತ್ತಕೂಡದು ಅಂದರು. ಆದರೆ ಅವರ ಶಾಸ್ತ್ರದಲ್ಲಿ ಇನ್ನೊಂದು ಹೆಸರಿದೆಯಂತೆ. ಸ್ವಲ್ಪವೇ ಮಾಲು ಇಡುವುದು, ಬೇಕಾದವರು ಬೇಕಾದಷ್ಟೇ ಒಯ್ಯುವುದು, ಖಾಲಿಯಾದಷ್ಟನ್ನೇ ತುಂಬುವುದು. ಅದಕ್ಕೆ ಸೂಪರ್ ಮಾರ್ಕೆಟ್ ಅನ್ನುತ್ತಾರಂತೆ. ಅದೇ ಕೋಣೆ, ಅದೇ ಕುರ್ಚಿ, ಅದೇ ಬೀಗದ ಕೈ. ನಾಲ್ಕೇ ನಾಲ್ಕು ಡಬ್ಬಿ ಬುಷ್ ಇಟ್ಟು, ಮಿಕ್ಕದ್ದನ್ನು ಲೇತಿನವನಿಗೆ ವಾಪಸ್ ಕಳಿಸಿದರು. ರಸ್ತೆ ಕಡೆಯ ಗೋಡೆಗೆ ಹಸಿರು ಬಣ್ಣದಲ್ಲಿ 'ಸೂಪರ್ ಮಾರ್ಕೆಟ್' ಅಂತ ಬೋರ್ಡ್ ಬರೆಸಿದರು. ನಮ್ಮ ಗೇಟಿನ ಎದುರಿಗೇ ಬಸ್ ಸ್ಟಾಪಿದೆ ಅನ್ನುವುದು ಅಷ್ಟು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಎರಡನೆಯ ದಿನವೇ ಒಬ್ಬ ಹೆಂಗಸು ಚೀಲ ಹಿಡಿದು ಒಳಗೆ ಬಂದಳು. ಗೇಟಿನವನು ಟೀ ಕುಡಿಯಲು ಹೋಗಿದ್ದ.

"ಅಣ್ಣಾ, ಅರ್ಧ ಕೇಜಿ ತೊಗರಿಬೇಳೆ ಕೊಡಿ. ಬಸ್ ಬಂದ್ಬುಡ್ತದೆ, ಬ್ಯಾಗ ಬ್ಯಾಗ."

"ಇಲ್ಲಿ ಬೇಳೆ ಇಲ್ಲಮ್ಮ."

"ಸಕ್ರೆ?"

"ಅದೂ ಇಲ್ಲ. ಇಲ್ಲಿ ಹೆಚ್ಚಿಗೆ ಏನೂ ಇಡುವ ಹಾಗಿಲ್ಲ, ಅದೇ ನಿಯಮ. ಏನೂ ಇಟ್ಟುಕೊಂಡಿಲ್ಲ ಅಂತಲೇ ನಮಗೆ ಸರ್ಟಿಫಿಕೇಟ್ ಕೊಟ್ಟಿರೋದು," ಅಂದೆ, ಗೋಡೆಯ ಕಡೆ ಕೈ ತೋರಿಸಿ.

ಅವಳು ಖಾಲಿ ಕಪಾಟುಗಳನ್ನು ನೋಡಿದಳು, ಚೌಕಟ್ಟು ಹಾಕಿಸಿದ್ದ ಸರ್ಟಿಫಿಕೇಟನ್ನು ನೋಡಿದಳು, ಕೊನೆಗೆ ಕುರ್ಚಿಯಲ್ಲಿ ಕೂತಿದ್ದ ನನ್ನನ್ನು ನೋಡಿದಳು.

"ಏನೂ ಇಲ್ದಿರೋ ಅಂಗಡಿ ಕಾಯಕ್ಕೆ ಸಂಬ್ಳ ಕೊಡ್ತಾರಾ?"

"ಕೊಡ್ತಾರೆ."

ಹೊರಗೆ ಬಸ್ಸು ಹಾರ್ನ್ ಮಾಡಿತು. ಅವಳು ಹೊರಟವಳು ಬಾಗಿಲಲ್ಲಿ ನಿಂತು, ದನಿ ಇಳಿಸಿ ಹೇಳಿದಳು: "ನಮ್ಮೆಜಮಾನ್ರೂ ಮನೇಲಿ ಸುಮ್ಕೆ ಕೂತವ್ರೆ ಕಣಣ್ಣ. ವರ್ಸದಿಂದ ಅಭ್ಯಾಸ ಆಗ್ಬುಟ್ಟದೆ. ಇಂಥ ಕೆಲ್ಸ ಇನ್ನೊಂದಿದ್ರೆ ಅವ್ರಿಗೂ ಕೊಡ್ಸಿ."