ವಾರಗಿತ್ತಿ ಸಾಕಿದ ಕಾವಲುಗಾರ

ನನ್ನ ವಾರಗಿತ್ತಿಯಷ್ಟು ಸೋಮಾರಿ ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲೇ ಇಲ್ಲ. ಸೋಮಾರಿತನಕ್ಕಾಗಿ ಅವಳಷ್ಟು ದುಡಿಯುವವರೂ ಇಲ್ಲ! ಒಂದೇ ಕೆಲಸವನ್ನು ಎರಡನೇ ಸಲ ಮಾಡು ಎಂದರೆ ಅವಳಿಗೆ ಜ್ವರ ಬರುತ್ತದೆ. ಎರಡು ನಿಮಿಷದ ಆ ಕೆಲಸ ತನ್ನಷ್ಟಕ್ಕೆ ತಾನೇ ಆಗುವಂತೆ ಮಾಡಲು ಎರಡು ವಾರ ಊಟ ಬಿಟ್ಟು ಕೂರುತ್ತಾಳೆ. ಇಂಥವಳಿಗೆ ಏನನ್ನಬೇಕು, ನೀವೇ ಹೇಳಿ?

ಮೈದುನನನ್ನು ಮದುವೆಯಾಗಿ ಬಂದ ಹೊಸದರಲ್ಲೇ ಗೇಟಿಗೆ ಒಂದು ಕ್ಯಾಮೆರಾ ಸಿಕ್ಕಿಸಿದಳು. ಮನೆಯವರ ಮುಖ ಕಂಡರೆ ಅದು ಸುಮ್ಮನಿರುತ್ತದೆ. ಹೊಸಬರು ಬಂದರೆ ನಮ್ಮೆಲ್ಲರ ಫೋನೂ ಕೂಗುತ್ತದೆ. ನಮ್ಮ ಮಾವನವರು ತಿರುಪತಿಗೆ ಹೋಗಿ ಮುಡಿ ಕೊಟ್ಟು, ಮೀಸೆಯನ್ನೂ ಬೋಳಿಸಿಕೊಂಡು, ಲಡ್ಡಿನ ಚೀಲ ಹಿಡಿದು ಬಂದರು. ಮನೆಯ ಫೋನುಗಳೆಲ್ಲ ಒಟ್ಟಿಗೆ ಅರಚಿದವು: ಅಪರಿಚಿತ ವ್ಯಕ್ತಿ!

“ಏನಮ್ಮಾ, ನಾನ್ ಕಟ್ಸಿದ್ ಮನೆಗೆ ನಾನೇ ಹೊಸಬ್ನಾ?” ಎಂದರು ಮಾವ.

“ಕೂದ್ಲು ಬರೋವರ್ಗೂ ಹಿತ್ಲ ಬಾಗ್ಲಿಂದ ಬನ್ನಿ ಮಾವ,” ಎಂದಳು ಇವಳು.

ಗೋವಿಂದಾ ಗೋವಿಂದ! ಅಕ್ಕಪಕ್ಕದವರು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ, ಅಷ್ಟು ಪುಣ್ಯ.

ಇವಳ ನೌಕರಿಯೂ ಇಂಥದ್ದೇ. ಬೆಂಗಳೂರಿನ ಒಂದು ಕಂಪನಿಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಮೂವರಲ್ಲಿ ಇವಳೊಬ್ಬಳು. ಏನಾದರೂ ಅನುಮಾನ ಬಂದರೆ ಪರದೆಯ ಮೇಲೆ ಅಲರ್ಟ್ ಮೂಡುತ್ತದೆ. ಯಾರು, ಎಲ್ಲಿಂದ ಎಂದು ಇವರು ಹುಡುಕಬೇಕು. ಕಳ್ಳನಾದರೆ ಆ ಲಾಗಿನ್ನಿಗೆ ಬೀಗ ಹಾಕಬೇಕು.

“ಅಕ್ಕಾ, ದಿನಾ ರಾಶಿ ರಾಶಿ ಬರ್ತವೆ. ಮುಕ್ಕಾಲು ಮೂರುವೀಸ ಸುಳ್ಳು. ನೋಡಿ ನೋಡಿ ಕಣ್ಣು ಸೋತ್ಹೋಗಿರೋ ಹೊತ್ತಲ್ಲೇ ನಿಜವಾದ್ದು ಬಂದ್ಬಿಟ್ರೆ?” ಎಂದು ಒಮ್ಮೆ ಕೇಳಿದ್ದಳು. ಅದಕ್ಕೇ ಆ ಹುಡುಕಾಟ, ಆ ಬೀಗ ಎಲ್ಲವನ್ನೂ ತಾನೇ ಮಾಡುವ ಒಂದು ಪ್ರೋಗ್ರಾಂ ಬರೆಯತೊಡಗಿದಳು. ವರ್ಷವಿಡೀ ಬರೆದಳು.

ಪರೀಕ್ಷೆಗೆಂದು ಅದನ್ನು ಚಾಲೂ ಮಾಡಿದ್ದು ಯಾವತ್ತು ಗೊತ್ತೇ? ಆಯುಧಪೂಜೆಯ ದಿನ! ಆಫೀಸಿನವರೆಲ್ಲ ತಮ್ಮ ಲ್ಯಾಪ್‌ಟಾಪುಗಳನ್ನು ತಂದು ಒಂದೇ ಹಾಲಿನಲ್ಲಿ ದೇವರ ಫೋಟೋದ ಮುಂದೆ ಜೋಡಿಸಿದ್ದರು. ಅರಿಶಿನ, ಕುಂಕುಮ, ಚೆಂಡು ಹೂವು, ಮಂಗಳಾರತಿ ಎಲ್ಲ ಆಯಿತು. “ಒಳ್ಳೇ ಗಳಿಗೆ, ಎಲ್ರೂ ಒಂದ್ಸಲ ಶುರು ಮಾಡಿ,” ಎಂದರು ಪುರೋಹಿತರು. ಇಡೀ ಆಫೀಸು ಒಂದೇ ನಿಮಿಷದಲ್ಲಿ, ಒಂದೇ ಕೋಣೆಯಿಂದ ಲಾಗಿನ್ ಆಯಿತು. ಕಳ್ಳರ ದಂಡೇ ನುಗ್ಗಿತೆಂದು ಬಗೆದ ಪ್ರೋಗ್ರಾಂ ಎಲ್ಲರಿಗೂ ಬೀಗ ಜಡಿಯಿತು. ಮೊದಲ ಬೀಗ ಮ್ಯಾನೇಜರಿಗೆ! ಪ್ರಸಾದಕ್ಕೆ ಬೀಗ ಬೀಳಲಿಲ್ಲವಲ್ಲ, ಅದೇ ದೇವರ ದಯೆ.

“ಇನ್ನೊಂದೇ ಅವಕಾಶ. ಮತ್ತೆ ಹೀಗಾದ್ರೆ ನಿಮ್ಮ ಪ್ರೋಗ್ರಾಂ ಕಸದ ಬುಟ್ಟಿಗೆ. ಹಳೇ ತರ ಕೈಯಲ್ಲೇ ನೋಡ್ಕೊಂಡು ಕೂತ್ಕೊಳಿ,” ಎಂದರಂತೆ ಮ್ಯಾನೇಜರು.

ಮನೆಗೆ ಬಂದವಳು ಅಡುಗೆಮನೆಯ ನೆಲದ ಮೇಲೆ ಕುಸಿದಳು. ನಾನು ಸೊಪ್ಪು ಸೋಸುತ್ತಿದ್ದೆ.

“ಅಲ್ಲ ಕಣೇ, ಇವತ್ತು ಹಬ್ಬ ಅಂತ ಅದಕ್ಕೆ ಹೇಳಿದ್ಯಾ?”

“ಅದಕ್ಕೆ ಹಬ್ಬ ಹೆಂಗಕ್ಕಾ ಗೊತ್ತಾಗತ್ತೆ?”

“ಮತ್ತೆ? ವರಮಹಾಲಕ್ಷ್ಮಿ ದಿನ ಮೂವತ್ತು ಜನ ಮುತ್ತೈದೇರು ಬರ್ತಾರೆ. ಕಳ್ಳೀರು ಅಂತ ಬಾಗ್ಲು ಹಾಕ್ಕೊಂಡ್ರೆ ಲಕ್ಷ್ಮೀನೂ ಆಚೇನೇ ಉಳೀತಾಳೆ. ಮೊದ್ಲು ಕ್ಯಾಲೆಂಡರ್ ನೋಡ್ಬೇಕು. ಎಲ್ರನ್ನೂ ಒಳಗೆ ಕರೀಬೇಕು. ಯಾರಾದ್ರೂ ಕುಂಕುಮ ತಗೊಂಡು ಬೀರು ಇರೋ ಕೋಣೆ ಕಡೆ ನಡೆದ್ರೆ, ಅವಳ ಹಿಂದೆ ನಾನು ಹೋಗ್ತೀನಿ.”

“ಹೋಗಿ?”

“‘ಏನ್ ಬೇಕಿತ್ತಮ್ಮಾ?’ ಅಂತೀನಿ. ಬಚ್ಚಲುಮನೆ ಅಂದ್ರೆ ತೋರಿಸ್ತೀನಿ. ತಡಬಡಾಯಿಸಿದ್ರೆ ಕೋಣೆಗೆ ಬೀಗ.”

ಅವಳು ತಟ್ಟನೆ ಎದ್ದು ಲ್ಯಾಪ್‌ಟಾಪಿನತ್ತ ಓಡಿದಳು. ನಾನು ಬೆರೆಸಿಕೊಟ್ಟ ಕಾಫಿ ಅಲ್ಲೇ ಆರಿ ಕೆನೆಗಟ್ಟಿತು.

ಎರಡನೇ ಪರೀಕ್ಷೆಗೆ ಮ್ಯಾನೇಜರು ಭಾರಿ ಜಾಣತನ ಮಾಡಿದರು. ತರಬೇತಿ ಎಂದು ಕ್ಯಾಲೆಂಡರಿನಲ್ಲಿ ಹಾಕಿಸಿ, ಎಲ್ಲರನ್ನೂ ಅದೇ ಹಾಲಿಗೆ ಕರೆದು ಒಟ್ಟಿಗೆ ಲಾಗಿನ್ ಮಾಡಿಸಿದರು. ಗುಟ್ಟಾಗಿ ಒಬ್ಬನ ಕೈಗೆ ಬೇರೊಬ್ಬರ ಪಾಸ್‌ವರ್ಡ್ ಕೊಟ್ಟು, ಕಳ್ಳನಾಗು ಎಂದು ಬಿಟ್ಟರು. ಇಲ್ಲಿ ನಾನು ಮನೆದೇವರಿಗೆ ತುಪ್ಪದ ದೀಪ ಹಚ್ಚಿ ಕೂತೆ. ಮಧ್ಯಾಹ್ನ ಫೋನು ಬಂತು.

“ಅಕ್ಕಾ! ಸಿಕ್ಬಿದ್ದ! ಪ್ರೋಗ್ರಾಂ ಕ್ಯಾಲೆಂಡರ್ ನೋಡಿ ಎಲ್ರನ್ನೂ ಒಳಗೆ ಬಿಡ್ತು. ಅವನೊಬ್ಬ ಗ್ರಾಹಕರ ಪಟ್ಟಿಗೆ ಕೈ ಹಾಕ್ದ. ತಕ್ಷಣ ಪಾಸ್‌ವರ್ಡ್ ಯಾರ್ದೋ ಅವರ ಫೋನಿಗೇ ‘ಇದು ನೀವೇನಾ?’ ಅಂತ ಕೇಳ್ತು. ಅವರು ‘ನಾನಲ್ಲ’ ಅಂದ್ರು. ಬೀಗ! ಮ್ಯಾನೇಜರ್ ಕಾಫಿ ಇನ್ನೂ ಬಿಸಿ ಇತ್ತಕ್ಕಾ!”

ಮಾವನವರು ಎದುರಿಗೇ ಇದ್ದರೂ ಸೌಟು ಹಿಡಿದು ಕುಣಿದೆ. ಪಾಯಸಕ್ಕೆ ಶಾವಿಗೆ ಹುರಿಯಲಿಟ್ಟೆ.

ಸಂಜೆ ಬಂದವಳು ಕಾಲು ತೊಳೆದು ನೇರ ದೇವರಮನೆಗೆ ಹೋಗಿ, ಒಂದು ಕಾಗದವಿಟ್ಟು ಕುಂಕುಮ ಹಚ್ಚಿದಳು. ಪ್ರೋಗ್ರಾಂ ಒಪ್ಪಿಗೆಯಾದ ಪತ್ರ. ರೂಪಿಸಿದವರು ಎಂಬಲ್ಲಿ ಇವಳ ಹೆಸರು. ಅದರ ಪಕ್ಕದಲ್ಲಿ ನನ್ನ ಹೆಸರು! ರೇಷನ್ ಕಾರ್ಡಿನಲ್ಲಿರುವಂತೆ ಇನಿಷಿಯಲ್ ಸಮೇತ.

“ಏನೇ ಇದು? ನಾನೇನ್ ಮಾಡ್ದೆ?”

“ಯೋಚ್ನೆ ಯಾರ್ದು ಅಂತ ಮ್ಯಾನೇಜರ್ ಕೇಳಿದ್ರಕ್ಕಾ. ಇಪ್ಪತ್ತು ವರ್ಷದಿಂದ ನಮ್ಮನೆ ಬಾಗ್ಲು ಕಾಯ್ತಿರೋರ್ದು ಅಂದೆ.”

ದೀಪದ ಹೊಗೆ ಎಂದು ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬೆಳಗಿನ ದೀಪ ಮಧ್ಯಾಹ್ನವೇ ಶಾಂತವಾಗಿತ್ತು, ಸಂಜೆಯದನ್ನು ಇನ್ನೂ ಹಚ್ಚಿರಲಿಲ್ಲ. ಯಾವುದನ್ನೂ ಪರೀಕ್ಷಿಸದೆ ನಂಬದ ಹುಡುಗಿ, “ಹೂಂ ಅಕ್ಕಾ, ಹೊಗೆ ಜಾಸ್ತಿ,” ಎಂದು ನನ್ನ ಹೆಗಲಿಗೆ ಒರಗಿದಳು.